ಲ್ಯಾಪ್‌ಟಾಪ್ ಗರಗರ ಅಂದರೆ: ಸದ್ದು ಕೇಳಿ ತಪ್ಪು ಹುಡುಕುವ ವಿಧಾನ

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಲೆಕ್ಕಶಾಸ್ತ್ರದ ಪಾಠದ ವಿಡಿಯೋ ನೋಡುತ್ತಿದ್ದೀರಿ ಎಂದುಕೊಳ್ಳಿ. ಹೊಂದಾಣಿಕೆಗಳನ್ನು ಓದುವಾಗ ಲ್ಯಾಪ್‌ಟಾಪ್ 'ಚಟ್' ಎಂದು ಸದ್ದು ಮಾಡಿ, 'ಅನ್‌ಪೇಯ್ಡ್ ಸ್ಯಾಲರಿ' ಎಂಬುದರಲ್ಲಿ 'ಅನ್' ಅನ್ನು ನುಂಗಿಬಿಟ್ಟಿತು. ಬಾಕಿ ಇರುವ ಸಂಬಳ ನಿಮ್ಮ ಕಿವಿಗೆ ಕೊಟ್ಟ ಸಂಬಳವಾಯಿತು. ಹೊಂದಾಣಿಕೆ ಬಿಟ್ಟುಹೋಯಿತು, ಲಾಭ ಇರುವುದಕ್ಕಿಂತ ಹೆಚ್ಚು ಬಂತು. ಆದರೂ ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿಯಾಗಿ ಕೂಡುತ್ತದೆ. ತಪ್ಪಾಗಿದೆ ಎಂದು ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಉರ್ದು ಮಾತನಾಡಿ, ತರಗತಿಯಲ್ಲಿ ಕನ್ನಡದಲ್ಲಿ ಕೇಳಿ, ವಾಣಿಜ್ಯದ ಪದಗಳನ್ನು ಇಂಗ್ಲಿಷಿನಲ್ಲಿ ಕಲಿಯುವ ನಮ್ಮಂಥವರಿಗೆ ನುಂಗಿಹೋದ ಅರ್ಧ ಪದವನ್ನು ಊಹಿಸಿಕೊಳ್ಳುವುದು ಸುಲಭವಲ್ಲ.

ಹೀಗಾದಾಗ ನಮ್ಮ ಮನೆಗಳಲ್ಲಿ ಬರುವ ಮೊದಲ ಮಾತು, "ಸ್ಪೀಕರ್ ಹೋಗಿದೆ, ಬದಲಾಯಿಸಬೇಕು" ಎಂಬುದು. ಕಾರಣ ತಿಳಿಯದೆ ಸ್ಪೀಕರ್ ಬದಲಿಸುವುದು, ತಾಳೆಪಟ್ಟಿಯ ವ್ಯತ್ಯಾಸವನ್ನು ಹುಡುಕದೆ ಸಸ್ಪೆನ್ಸ್ ಖಾತೆಗೆ ಹಾಕಿ ಸುಮ್ಮನಾದಂತೆ. ತಾಳೆಪಟ್ಟಿ ಕೂಡದಿದ್ದರೆ ನಾವು ಮೊದಲು ವ್ಯತ್ಯಾಸ ಎಂಥದು ಎಂದು ನೋಡುತ್ತೇವೆ. ಅದರ ಅರ್ಧದಷ್ಟು ಮೊತ್ತ ಎಲ್ಲಾದರೂ ಇದ್ದರೆ ಅದು ತಪ್ಪು ಬದಿಗೆ ಹೋಗಿರಬಹುದು. ವ್ಯತ್ಯಾಸ 9ರಿಂದ ಭಾಗವಾದರೆ 54ನ್ನು 45 ಎಂದು ಬರೆದಂತೆ ಅಂಕಿಗಳು ಅದಲುಬದಲಾಗಿರಬಹುದು. ಸದ್ದಿಗೂ ಇದೇ ಕ್ರಮ ಒಪ್ಪುತ್ತದೆ. ಸದ್ದು ಎಂಥದು ಎಂದು ಮೊದಲು ಕೇಳಬೇಕು. ಆಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು.

ಸದ್ದಿನ ಹಿಂದಿನ ಲೆಕ್ಕ

ಲ್ಯಾಪ್‌ಟಾಪ್ ಧ್ವನಿಯನ್ನು ಅಂಕಿಗಳಾಗಿ ಇಟ್ಟುಕೊಂಡಿರುತ್ತದೆ. ಸಿಡಿಯಲ್ಲಿ ಒಂದು ಸೆಕೆಂಡಿನ ಧ್ವನಿಗೆ 44,100 ಅಂಕಿಗಳು. ವಿಡಿಯೋಗಳಲ್ಲಿ ಸಾಮಾನ್ಯವಾಗಿ 48,000. ಪ್ರೊಸೆಸರ್ ಈ ಅಂಕಿಗಳನ್ನು ಬಫರ್ ಎಂಬ ಸಣ್ಣ ಸಂಗ್ರಹಕ್ಕೆ ತುಂಬುತ್ತಾ ಹೋಗುತ್ತದೆ. ಧ್ವನಿಯ ಚಿಪ್ ಅಲ್ಲಿಂದ ತೆಗೆದುಕೊಂಡು ಸ್ಪೀಕರಿಗೆ ಕಳಿಸುತ್ತದೆ. 10 ಮಿಲಿಸೆಕೆಂಡಿಗೊಮ್ಮೆ ತುಂಬುವುದಾದರೆ ಪ್ರತಿ ಸಲ 480 ಅಂಕಿಗಳು, ಸೆಕೆಂಡಿಗೆ ನೂರು ಸಲ. ಒಂದು ಸಲ ತಡವಾದರೂ ಬಫರ್ ಖಾಲಿ. ಮಾಳಿಗೆಯ ಟ್ಯಾಂಕ್ ಖಾಲಿಯಾದಾಗ ನಲ್ಲಿ ಬುಸ್ ಬುಸ್ ಎಂದು ಗಾಳಿ ಕಾರುವ ಹಾಗೆ, ಸ್ಪೀಕರ್ ಆಗ ಚಟ್ ಎನ್ನುತ್ತದೆ. ಅಂದರೆ ಸ್ಪೀಕರ್ ಚೆನ್ನಾಗಿದ್ದರೂ ಚಟಪಟ ಸದ್ದು ಬರಬಹುದು.

ಮೊದಲು ಮೂರು ಪರೀಕ್ಷೆ

ಇವಕ್ಕೆ ಖರ್ಚಿಲ್ಲ, ಐದು ನಿಮಿಷ ಸಾಕು.

1. ಇಯರ್‌ಫೋನ್ ಹಾಕಿ ಕೇಳಿ. ಇಯರ್‌ಫೋನಿನಲ್ಲಿ ಸ್ವಚ್ಛವಾಗಿದ್ದು ಸ್ಪೀಕರಿನಲ್ಲಿ ಮಾತ್ರ ಗಲಾಟೆ ಇದ್ದರೆ ಸ್ಪೀಕರಿನ ಮೇಲೆ ಅನುಮಾನ ಪಡಬಹುದು. ಎರಡರಲ್ಲೂ ಒಂದೇ ಸದ್ದಿದ್ದರೆ ತಪ್ಪು ಒಳಗಡೆ ಎಲ್ಲೋ ಇದೆ.

2. ಬೇರೆ ವಿಡಿಯೋ ಹಾಕಿ. ಅದೇ ವಿಡಿಯೋವನ್ನು ಮೊಬೈಲಿನಲ್ಲೂ ಕೇಳಿ. ಮೊಬೈಲಿನಲ್ಲೂ ಅದೇ ಜಾಗದಲ್ಲಿ ಗರಗರ ಬಂದರೆ ರೆಕಾರ್ಡಿಂಗೇ ಹಾಗಿದೆ. ಲ್ಯಾಪ್‌ಟಾಪನ್ನು ಬೈಯಬೇಕಾಗಿಲ್ಲ.

3. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ ಕೇಳಿ. ಸದ್ದು ನಿಂತರೆ ಕಾರಣ ವಿದ್ಯುತ್ತಿನ ಕಡೆ ಇದೆ.

ಈಗ ಸದ್ದಿನ ಜಾತಿ

ನಮ್ಮ ಮನೆಯಲ್ಲಿ ಎಲ್ಲದಕ್ಕೂ 'ಖರ್ ಖರ್ ಆವಾಜ್' ಎಂದು ಒಂದೇ ಹೆಸರು. ಕನ್ನಡ ವ್ಯಾಕರಣದಲ್ಲಿ ಕಲಿತ ಅನುಕರಣಾವ್ಯಯಗಳು ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತವೆ.

ಚಟಪಟ: ಇದು ಬಫರ್ ಖಾಲಿಯಾಗುವ ಸದ್ದು. ಹಲವು ಟ್ಯಾಬ್ ತೆರೆದಾಗ, ಅಪ್‌ಡೇಟ್ ಇಳಿಯುವಾಗ ಹೆಚ್ಚಾಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪ್ರೊಸೆಸರನ್ನು ಯಾವುದು ತಿನ್ನುತ್ತಿದೆ ಎಂದು ಅಲ್ಲಿ ನೋಡಿ, ಬೇಡದ್ದನ್ನು ಮುಚ್ಚಿ. ಬ್ಯಾಟರಿ ಉಳಿತಾಯದ ಮೋಡ್ ಇದ್ದರೆ ತೆಗೆಯಿರಿ. ಕೆಲವೊಮ್ಮೆ ವೈಫೈ ಡ್ರೈವರ್ ಪ್ರೊಸೆಸರನ್ನು ಹಿಡಿದಿಟ್ಟುಕೊಂಡು ಧ್ವನಿಯ ಕೆಲಸವನ್ನು ಕಾಯಿಸುತ್ತದೆ. ಮೊದಲೇ ಡೌನ್‌ಲೋಡ್ ಮಾಡಿಟ್ಟ ಪಾಠವನ್ನು ವೈಫೈ ಆಫ್ ಮಾಡಿ ಕೇಳಿದರೆ ಇದು ಗೊತ್ತಾಗುತ್ತದೆ.

ಗುಂಯ್: ಬಿಡದೆ ಒಂದೇ ಸಮನೆ ಬರುವ ಸದ್ದು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಅದು ಧ್ವನಿಯ ದಾರಿಗೆ ನುಸುಳಿದರೆ ಗುಂಯ್‌ಗುಡುತ್ತದೆ. ಹೊರಗಿನ ಸ್ಪೀಕರ್ ಜೋಡಿಸಿದಾಗ ಇದು ಹೆಚ್ಚು. ನಮ್ಮ ಖಾಲಾ ಮನೆಯಲ್ಲಿ ಹೀಗೇ ಆಗಿತ್ತು. ಒಂದು ರಿಪೇರಿ ಅಂಗಡಿಯವರು ಬೋರ್ಡ್ ಹೋಗಿದೆ, ಮೂರು ಸಾವಿರ ಆಗುತ್ತದೆ ಎಂದಿದ್ದರು. ಚಾರ್ಜರ್ ತೆಗೆದರೆ ಸದ್ದು ಪೂರ್ತಿ ನಿಲ್ಲುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿದಾಗ ಆ ಪ್ಲಗ್ ಪಾಯಿಂಟಿನ ಅರ್ಥ್ ತಂತಿ ಬಿಚ್ಚಿಹೋಗಿತ್ತು. ಅದನ್ನು ಸೇರಿಸಿದ ಮೇಲೆ ಸದ್ದಿಲ್ಲ. ಬೋರ್ಡ್ ಇಂದಿಗೂ ಅದೇ ಇದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪಗಿರುವ ಮೇಲಿನ ಪಿನ್ ಅರ್ಥಿಂಗ್‌ಗೆ. ಅದನ್ನು ಮುರಿದು ಎರಡು ಪಿನ್ನಿನ ಪಾಯಿಂಟಿಗೆ ಹಾಕುವುದು ಸದ್ದಿಗೂ ಕೆಟ್ಟದ್ದು, ಜೀವಕ್ಕೂ ಅಪಾಯ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದಾಗ ಜುಮ್ಮೆಂದರೆ ಆ ಪಾಯಿಂಟನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಅಗ್ಗದ ನಕಲಿ ಚಾರ್ಜರಿನಿಂದಲೂ ಇಂಥ ಸದ್ದು ಬರುತ್ತದೆ.

ಕರಕರ: ಇಯರ್‌ಫೋನಿನ ವೈರ್ ಅಲ್ಲಾಡಿಸಿದಾಗ ಮಾತ್ರ ಬಂದರೆ ಜ್ಯಾಕ್ ಸಡಿಲವಾಗಿದೆ, ಧೂಳು ಕೂತಿದೆ ಅಥವಾ ವೈರ್ ಒಳಗೆ ತುಂಡಾಗಿದೆ. ಬೇರೆಯವರ ಇಯರ್‌ಫೋನ್ ಹಾಕಿ ನೋಡಿ. ಅದರಲ್ಲಿ ಸರಿ ಇದ್ದರೆ ಹೊಸ ಇಯರ್‌ಫೋನ್ ಸಾಕು. ಜ್ಯಾಕಿನೊಳಗೆ ಸೂಜಿ, ಪಿನ್ನು ಹಾಕಬೇಡಿ; ಒಳಗಿನ ಸ್ಪ್ರಿಂಗ್ ಬಾಗಿದರೆ ರಿಪೇರಿ ದೊಡ್ಡದಾಗುತ್ತದೆ.

ಬರ್ರ್: ದಪ್ಪ ದನಿಗೆ, ಜೋರು ವಾಲ್ಯೂಮಿಗೆ ಮಾತ್ರ ಬಂದರೆ ಎರಡು ಕಾರಣ ಇರಬಹುದು. ಒಂದು, ಸ್ಪೀಕರಿನ ಪರದೆ ಹರಿದಿದೆ ಅಥವಾ ಅದರಲ್ಲಿ ಧೂಳಿದೆ. ಇನ್ನೊಂದು, ವಾಲ್ಯೂಮನ್ನು ನೂರಕ್ಕಿಂತ ಮೇಲೆ ಏರಿಸುವ ಬೂಸ್ಟರ್. 16 ಬಿಟ್ ಧ್ವನಿಯಲ್ಲಿ ಒಂದು ಅಂಕಿ 32,767ನ್ನು ಮೀರಲಾರದು. ಬೂಸ್ಟರ್ ಅದಕ್ಕಿಂತ ದೊಡ್ಡದು ಕೇಳಿದಾಗ ಮೇಲಿನ ಭಾಗ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಬೂಸ್ಟರ್ ತೆಗೆದು, ವಾಲ್ಯೂಮ್ ಅರ್ಧಕ್ಕಿಳಿಸಿ ಕೇಳಿ. ಆಮೇಲೂ ಸ್ಪೀಕರಿನಲ್ಲಿ ಮಾತ್ರ ಬರ್ರ್ ಎಂದರೆ, ಆಗ ಸ್ಪೀಕರ್ ಬದಲಿಸುವ ಮಾತು ನ್ಯಾಯವಾದದ್ದು.

ತುಂಡು ತುಂಡು: ಬ್ಲೂಟೂತ್ ಇಯರ್‌ಬಡ್‌ಗಳ ಕಾಯಿಲೆ. ಬ್ಲೂಟೂತ್ ಮತ್ತು ಹಲವು ವೈಫೈ ರೂಟರ್‌ಗಳು 2.4 ಗಿಗಾಹರ್ಟ್ಸ್ ಎಂಬ ಒಂದೇ ಅಲೆಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ರೂಟರನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ಅಥವಾ ವೈರ್ ಇರುವ ಇಯರ್‌ಫೋನ್ ಹಾಕಿ. ಆನ್‌ಲೈನ್ ತರಗತಿಗೆ ಸೇರಿದ ಕೂಡಲೇ ದನಿ ಹಳೆಯ ಫೋನಿನಂತೆ ಮಂಕಾದರೆ, ಇಯರ್‌ಬಡ್ ಮೈಕ್ ಬಳಸುವ ಮೋಡಿಗೆ ಹೋಗಿದೆ ಎಂದರ್ಥ. ತರಗತಿಯ ಆ್ಯಪಿನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದ್ದನ್ನೇ ಆರಿಸಿ.

ಸೆಟ್ಟಿಂಗ್ಸ್‌ನಲ್ಲಿ ನೋಡಬೇಕಾದದ್ದು

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂದು ಹೋಗಿ, ನೀವು ಬಳಸುತ್ತಿರುವ ಸ್ಪೀಕರಿನ ಮೇಲೆ ಒತ್ತಿ. ಅಲ್ಲಿ 'ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್' ಆಫ್ ಮಾಡಿ ಕೇಳಿ. ಧ್ವನಿಯನ್ನು ಚೆಂದಗೊಳಿಸಲು ಇರುವ ಈ ಸೌಲಭ್ಯವೇ ಕೆಲವೊಮ್ಮೆ ಅದನ್ನು ಕೆಡಿಸುತ್ತದೆ. ಅಲ್ಲೇ 'ಫಾರ್ಮ್ಯಾಟ್' ಎಂಬಲ್ಲಿ 48,000 ಅಥವಾ 44,100 ಹರ್ಟ್ಸ್ ಆರಿಸಿ. 1,92,000ದಂಥ ದೊಡ್ಡ ಅಂಕಿಯಿಂದ ಪಾಠ ಹೆಚ್ಚು ಸ್ಪಷ್ಟವಾಗುವುದಿಲ್ಲ, ಪ್ರೊಸೆಸರಿಗೆ ಕೆಲಸ ಮಾತ್ರ ಹೆಚ್ಚುತ್ತದೆ.

ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಡ್ರೈವರನ್ನು ತೆರೆದು 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಳೆಯದಕ್ಕೆ ಹಿಂತಿರುಗಬಹುದು. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ಇಳಿಸಿಕೊಳ್ಳಿ. 'ಎಲ್ಲಾ ಡ್ರೈವರ್ ಉಚಿತ' ಎಂಬ ಜಾಹೀರಾತು ನಂಬಬೇಡಿ.

ಇಷ್ಟಾದರೂ ಗೊತ್ತಾಗದಿದ್ದರೆ ಕೊನೆಯ ಪರೀಕ್ಷೆ ಒಂದಿದೆ. ಉಬುಂಟುವನ್ನು ಪೆನ್‌ಡ್ರೈವಿಗೆ ಹಾಕಿ, 'ಟ್ರೈ' ಎಂಬ ಆಯ್ಕೆಯಿಂದ ಲ್ಯಾಪ್‌ಟಾಪನ್ನು ಅದರಲ್ಲೇ ನಡೆಸಬಹುದು. ಇನ್‌ಸ್ಟಾಲ್ ಒತ್ತದಿದ್ದರೆ ನಿಮ್ಮ ಫೈಲುಗಳು ಇದ್ದಲ್ಲೇ ಇರುತ್ತವೆ. ಅದರಲ್ಲಿ ಧ್ವನಿ ಸ್ವಚ್ಛವಾಗಿದ್ದರೆ ತಪ್ಪು ವಿಂಡೋಸ್‌ನ ಡ್ರೈವರ್ ಅಥವಾ ಸೆಟ್ಟಿಂಗ್‌ನಲ್ಲಿದೆ. ಅಲ್ಲೂ ಅದೇ ಸದ್ದಿದ್ದರೆ ಯಂತ್ರದಲ್ಲೇ ದೋಷ ಇರುವ ಸಾಧ್ಯತೆ ಹೆಚ್ಚು. ಈ ಪೆನ್‌ಡ್ರೈವ್ ಮಾಡಿಕೊಳ್ಳಲು ಗೊತ್ತಿಲ್ಲದವರು ಕಂಪ್ಯೂಟರ್ ಸೈನ್ಸ್ ಓದುವ ಸ್ನೇಹಿತರನ್ನು ಕೇಳಬಹುದು.

ಅಂಗಡಿಗೆ ಹೋಗುವ ಮುಂಚೆ

ಮಾಡಿದ ಪ್ರತಿ ಪರೀಕ್ಷೆಯನ್ನೂ ದಿನಚರಿ ಪುಸ್ತಕದಲ್ಲಿ ನಮೂದಿಸುವ ಹಾಗೆ ಬರೆದಿಡಿ: ದಿನಾಂಕ, ಏನು ಬದಲಿಸಿದೆ, ಸದ್ದು ಏನಾಯಿತು. ಎರಡು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದು. ಉಪಯೋಗವಾಗದ ಬದಲಾವಣೆಯನ್ನು ಮೊದಲಿನಂತೆ ಮಾಡಿ ಮುಂದೆ ಹೋಗಿ. ಲ್ಯಾಪ್‌ಟಾಪ್ ಇನ್ನೂ ವಾರಂಟಿಯಲ್ಲಿದ್ದರೆ ನೀವೇ ಬಿಚ್ಚಬೇಡಿ. ಹೊರಗಿನ ಅಂಗಡಿಗೂ ಕೊಡಬೇಡಿ, ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ.

ವಾರಂಟಿ ಮುಗಿದಿದ್ದು, ರಿಪೇರಿ ಬೇಕೇ ಆದರೆ ಆ ಹಾಳೆಯನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. "ಅಣ್ಣಾ, ಇಯರ್‌ಫೋನಿನಲ್ಲಿ ಸರಿ ಇದೆ, ಸ್ಪೀಕರಿನಲ್ಲಿ ಮಾತ್ರ ಬರ್ರ್ ಅನ್ನುತ್ತೆ, ಉಬುಂಟುನಲ್ಲೂ ಹಾಗೇ ಇದೆ" ಎಂದು ಹೇಳುವ ವಿದ್ಯಾರ್ಥಿಗೆ ಬೋರ್ಡ್ ಬದಲಿಸಿ ಎಂದು ಹೇಳುವುದು ಕಷ್ಟ. ಅಬ್ಬಾ ಅಮ್ಮಿ ಲೆಕ್ಕ ಹಾಕಿ ಕೂಡಿಟ್ಟ ಹಣದಿಂದ ಬಂದ ಲ್ಯಾಪ್‌ಟಾಪಿಗೆ ನಾವು ಮಾಡಬಹುದಾದ ಸಣ್ಣ ಆಡಿಟ್ ಇದು. ಪರೀಕ್ಷೆಯ ಹಿಂದಿನ ರಾತ್ರಿಗೆ ಬಿಡದೆ, ಈ ಭಾನುವಾರವೇ ಇಯರ್‌ಫೋನ್ ಹಾಕಿಕೊಂಡು ಮೊದಲ ಮೂರು ಪರೀಕ್ಷೆ ಮಾಡಿ ನೋಡಿ.