ಹಾಲು, ಮಾಂಸ ಮತ್ತು ಅಹಿಂಸೆಯ ಲೆಕ್ಕ

ಆಹಾರದ ವಿಚಾರದಲ್ಲಿ ಮನುಷ್ಯನು ತನ್ನ ಮನೆಯ ಪದ್ಧತಿಯನ್ನೇ ಪ್ರಮಾಣವೆಂದು ನಂಬುವುದು ಸಹಜ. ಬೆಹಾಲಾದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ನಂಬಿಕೆಯನ್ನು ಪರೀಕ್ಷಿಸಿಕೊಳ್ಳುವ ಅವಕಾಶ ದಿನವೂ ಒದಗುತ್ತದೆ. ಇಲ್ಲಿ ಬ್ರಾಹ್ಮಣರ ಮನೆಯ ಮದುವೆಯಲ್ಲಿಯೂ ಮೀನು ಮಂಗಳಕರ ವಸ್ತು. ಕನ್ನಡಿಗರಲ್ಲಿಯೂ ಕರಾವಳಿ, ಕೊಡಗು, ಹಳೆಯ ಮೈಸೂರುಗಳ ಅನೇಕರು ಮಾಂಸಾಹಾರಿಗಳೇ. ಸಸ್ಯಾಹಾರಿಗಳು ತಾವು ಹಿಂಸೆಯಿಂದ ದೂರವೆಂದು ಸಮಾಧಾನದಿಂದಿರುವಾಗ, ಕಾಲೇಜಿಗೆ ಹೋಗುವ ಮಕ್ಕಳು ‘ವೀಗನ್’ ಪದ್ಧತಿಯ ಮಾತೆತ್ತಿ ಹಾಲು, ಮೊಸರು, ತುಪ್ಪಗಳೂ ವರ್ಜ್ಯವೆನ್ನತೊಡಗಿದ್ದಾರೆ. ಇದನ್ನು ವಿದೇಶೀ ಶೋಕಿಯೆಂದು ತಳ್ಳಿಹಾಕುವ ಮುನ್ನ ವಾದದ ಹುರುಳನ್ನು ಪರಿಶೀಲಿಸುವುದು ಉಚಿತ.

ಕಲ್ಕತ್ತೆಯ ಹಾಲು ಮತ್ತು ಗಾಂಧೀಜಿ

‘ವೀಗನ್’ ಎಂಬ ಪದ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಆದರೆ ಹಾಲಿನ ಬಗೆಗಿನ ಸಂಶಯ ಅದಕ್ಕಿಂತ ಹಳೆಯದು. ಅದಕ್ಕೂ ಈ ನಗರಕ್ಕೂ ಸಂಬಂಧವಿದೆ. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರಿಗೆ ಕಲ್ಕತ್ತೆಯಿಂದ ಬಂದ ಕೆಲವು ಬರಹಗಳು ದೊರೆತವು. ಹಸು ಎಮ್ಮೆಗಳಿಗೆ ಅವುಗಳ ಪಾಲಕರೇ ಕೊಡುತ್ತಿದ್ದ ಹಿಂಸೆಯ ವರ್ಣನೆ ಅವುಗಳಲ್ಲಿತ್ತು. 1912ರಲ್ಲಿ ಅವರು ಹಾಲನ್ನು ತ್ಯಜಿಸಿದರು. ಆ ಹಿಂಸೆಗಳಲ್ಲಿ ಕುಖ್ಯಾತವಾದುದು ‘ಫೂಕಾ’. ಕರು ಬಳಿಯಿಲ್ಲದ ಹಸು ಸುಲಭವಾಗಿ ಸೊರೆ ಬಿಡದು; ಅದರ ಜನನಾಂಗದೊಳಕ್ಕೆ ಗಾಳಿ ಊದಿ ಬಲವಂತದಿಂದ ಹಾಲು ಕರೆಯುವ ಕ್ರಮವಿದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 12ನೆಯ ವಿಧಿಯ ಪ್ರಕಾರ ಇದು ಶಿಕ್ಷಾರ್ಹ ಅಪರಾಧ. 1982ರ ತಿದ್ದುಪಡಿ ಹಾಲು ಹೆಚ್ಚಿಸಲು ಕೊಡುವ ಹಾನಿಕರ ಇಂಜೆಕ್ಷನ್ನುಗಳನ್ನೂ ಇದರಲ್ಲಿ ಸೇರಿಸಿತು.

1918ರಲ್ಲಿ ಗಾಂಧೀಜಿ ತೀವ್ರ ಆಮಶಂಕೆಯಿಂದ ಬಳಲಿ ಮರಣದ ಅಂಚಿಗೆ ಹೋದರು. ಚೇತರಿಸಿಕೊಳ್ಳಲು ಹಾಲು ಅಗತ್ಯವೆಂದು ವೈದ್ಯರು ಹೇಳಿದಾಗ, ವ್ರತವು ಹಸು ಎಮ್ಮೆಗಳ ಹಾಲಿಗೆ ಮಾತ್ರವೆಂದು ಕಸ್ತೂರಬಾ ಸೂಚಿಸಿದರು. ಅವರು ಮೇಕೆಯ ಹಾಲನ್ನು ಸ್ವೀಕರಿಸಿದರು. ವ್ರತದ ಅಕ್ಷರವು ಉಳಿದರೂ ಅದರ ಆತ್ಮ ಉಳಿಯಲಿಲ್ಲವೆಂಬ ಕೊರಗು ಅವರನ್ನು ಬಿಡಲಿಲ್ಲ. ಧರ್ಮ ಮತ್ತು ದೇಹಗಳ ಈ ತಿಕ್ಕಾಟವೇ ಇಂದಿನ ಚರ್ಚೆಯ ತಿರುಳು.

ಕರುವಿನ ಪ್ರಶ್ನೆ

ಫೂಕಾ ನಿಷಿದ್ಧವಾದರೂ ಮೂಲ ಪ್ರಶ್ನೆ ಉಳಿದಿದೆ. ಹಸು ಕರು ಹಾಕದೆ ಹಾಲಿಲ್ಲ. ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧದಷ್ಟು ಗಂಡು. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ಹೆಣ್ಣು ಗೋವುಗಳು ಸುಮಾರು 14 ಕೋಟಿ 51 ಲಕ್ಷ. ಗಂಡುಗಳು ಸುಮಾರು 4 ಕೋಟಿ 74 ಲಕ್ಷ ಮಾತ್ರ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗರುವನ್ನು ಸಾಕುವ ಶಕ್ತಿ ರೈತನಿಗಿಲ್ಲ. ಅದು ಮಾರಾಟವಾಗುತ್ತದೆ, ಬೀದಿಪಾಲಾಗುತ್ತದೆ ಅಥವಾ ಸಾಯುತ್ತದೆ. ಆದ್ದರಿಂದ ಹಾಲು ಮತ್ತು ಮಾಂಸ ಒಂದೇ ಖಾತೆಯ ಎರಡು ಬಾಬುಗಳು. ಸಂದೇಶ್ ಸವಿಯುವವನು ಮಟನ್ ತಿನ್ನುವವನನ್ನು ಹೀಗಳೆಯುವ ಮುನ್ನ ಈ ಅಂಕಿಗಳನ್ನು ನೆನೆಯಬೇಕು.

ಪರಿಸರದ ಲೆಕ್ಕ

2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 119 ದೇಶಗಳ ಸುಮಾರು 38,700 ಕೃಷಿಕ್ಷೇತ್ರಗಳನ್ನು ಒಳಗೊಂಡ ಅಧ್ಯಯನದ ಪ್ರಕಾರ, ಮಾಂಸ, ಮೊಟ್ಟೆ, ಹಾಲು ಮತ್ತು ಸಾಕಿದ ಮೀನುಗಳು ಜಗತ್ತಿನ ಕೃಷಿಭೂಮಿಯ 83 ಶೇಕಡಾ ಭಾಗವನ್ನು ಬಳಸಿಕೊಂಡು, ಒದಗಿಸುವ ಕ್ಯಾಲೊರಿ 18 ಶೇಕಡಾ, ಪ್ರೋಟೀನು 37 ಶೇಕಡಾ ಮಾತ್ರ. ಮೆಲುಕು ಹಾಕುವ ದನ, ಕುರಿಗಳ ಹೊಟ್ಟೆಯಿಂದ ಹೊರಡುವ ಮೀಥೇನ್ ಅನಿಲ ಭೂಮಿಯನ್ನು ಕಾಯಿಸುತ್ತದೆ. ಒಂದು ಕಿಲೋ ತುಪ್ಪಕ್ಕೆ ಇಪ್ಪತ್ತು ಲೀಟರಿಗೂ ಹೆಚ್ಚು ಹಸುವಿನ ಹಾಲು ಬೇಕೆಂಬುದನ್ನೂ ಮರೆಯಬಾರದು. ಹಾಗೆಂದು ಅನ್ನವೂ ನಿರ್ದೋಷಿಯಲ್ಲ. ನೀರು ನಿಂತ ಗದ್ದೆಯಿಂದಲೂ ಮೀಥೇನ್ ಹೊರಡುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೊಂದು ಈ ನಗರದ ಪೂರ್ವದಂಚಿನಲ್ಲಿದೆ. 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, 12,500 ಹೆಕ್ಟೇರ್ ವಿಸ್ತಾರದ ಪೂರ್ವ ಕೋಲ್ಕತಾ ಜಲಭೂಮಿಯ ಭೇರಿಗಳಲ್ಲಿ ನಗರದ ಕೊಳಚೆನೀರು ಬಿಸಿಲಿಗೆ ಪಾಚಿಯಾಗಿ, ಆ ಪಾಚಿ ಮೀನಿಗೆ ಆಹಾರವಾಗುತ್ತದೆ. ಇಂತಹ ರೋಹು ಮೀನಿಗೆ ಪ್ರತ್ಯೇಕ ಮೇವಿನ ಹೊಲ ಬಹುಮಟ್ಟಿಗೆ ಬೇಡ. ಪರಿಸರದ ತಕ್ಕಡಿಯಲ್ಲಿ ಅದು ತುಪ್ಪಕ್ಕಿಂತ ಹಗುರವಾಗಬಹುದು. ಜೀವಹಾನಿಯ ತಕ್ಕಡಿ ಮಾತ್ರ ಬೇರೆ.

ಆರೋಗ್ಯದ ಎಚ್ಚರಿಕೆ

ಹಾಲು ಬಿಡುವವರು ಬಿ-12 ಜೀವಸತ್ವವನ್ನು ಮರೆಯಲಾಗದು. ಸಸ್ಯಗಳಿಂದ ಅದು ನೆಚ್ಚುವಂತೆ ದೊರೆಯದು. ಇಡ್ಲಿಯ ಹುಳಿಹಿಟ್ಟನ್ನೂ ನಂಬುವಂತಿಲ್ಲ. ಕೊರತೆಯಾದರೆ ರಕ್ತಹೀನತೆ, ಕೈಕಾಲು ಜೋಮು, ಮರೆವು ತಲೆದೋರುತ್ತವೆ. ಸೂಕ್ಷ್ಮಜೀವಿಗಳಿಂದ ತಯಾರಿಸುವ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು. ಸುಣ್ಣಾಂಶಕ್ಕೆ ರಾಗಿಯಿದೆ: 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ, ಹಸುವಿನ ಹಾಲಿನಲ್ಲಿ ಸುಮಾರು 120. ಆದರೆ ರಾಗಿಯದು ಅಷ್ಟಾಗಿ ಮೈಗೆ ಹತ್ತದು. ಮೊಳಕೆ ಕಟ್ಟಿ ಬಳಸುವುದು ಮೇಲು. ಗರ್ಭಿಣಿಯರು, ಎಳೆಯರು, ವೃದ್ಧರು ವೈದ್ಯರನ್ನು ಕೇಳದೆ ಪದ್ಧತಿ ಬದಲಿಸಕೂಡದು.

ಇನ್ನೊಂದು ಮಾತು. 2021ರ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ಉತ್ತರದ ಕೆಲವು ಜಿಲ್ಲೆಗಳ ಶಾಲಾಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧಿಪತಿಗಳು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣಿನ ಏರ್ಪಾಡಿತ್ತು. ತುಂಬಿದ ತಟ್ಟೆಯಿಂದ ಒಂದನ್ನು ತಾನಾಗಿ ಬಿಡುವುದು ತ್ಯಾಗ; ಬಡ ಮಗುವಿನ ತಟ್ಟೆಯಿಂದ ತೆಗೆಸುವುದು ತ್ಯಾಗವಲ್ಲ.

ಹೀಗಾಗಿ ಎಲ್ಲರಿಗೂ ಒಂದೇ ಕಟ್ಟಳೆ ಸಲ್ಲದು. ಮಾಂಸ ತಿನ್ನುವವರು ಪ್ರಮಾಣವನ್ನು ತಗ್ಗಿಸಬಹುದು. ಸಸ್ಯಾಹಾರಿಗಳು ತುಪ್ಪ, ಪನೀರು, ಮಿಠಾಯಿಗಳಲ್ಲಿ ಹಿತಮಿತ ಸಾಧಿಸಬಹುದು. ಹಾಲು ಬಿಟ್ಟ ಮಗ ಅಥವಾ ಮಗಳಿಗೆ ಮನೆಯವರು ಮೂದಲಿಕೆಯ ಬದಲು ಎಳ್ಳು, ಕಡಲೆಕಾಯಿ, ಹುರುಳಿಗಳ ಅಡುಗೆ ಮಾಡಿ ಬಡಿಸಬಹುದು. ಖರ್ಚಿನ ಬಾಬನ್ನು ಮುಚ್ಚಿಟ್ಟ ಲೆಕ್ಕಪತ್ರಕ್ಕೆ ಬೆಲೆಯಿಲ್ಲ. ಅಹಿಂಸೆಯ ಲೆಕ್ಕಕ್ಕೂ ಅದೇ ನಿಯಮ.