ಚೂರಿ ಬಡಿಯುವ ಹ್ಯಾಮರಿಗೆ ಎಂಥ ಡೈ?

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ‘ಡೈ’ ಅಂದರೆ ಎಲ್ಲರಿಗೂ ನೆನಪಾಗುವುದು ಒಳಗೆ ಆಕಾರ ಕೊರೆದ ಅಚ್ಚು. 1961ರಲ್ಲಿ ಶುರುವಾದ ಮುಂಢ್ವಾದ ಭಾರತ್ ಫೋರ್ಜ್ ಇರಲಿ, ನಮ್ಮ ಪಕ್ಕದ ಸಣ್ಣ ಶೆಡ್ ಇರಲಿ, ಕ್ರ್ಯಾಂಕ್‌ಶಾಫ್ಟು, ಗೇರುಗಳು ರೂಪ ಪಡೆಯುವುದು ಅಂಥ ಅಚ್ಚಿನೊಳಗೆ. ಚೂರಿಗೆ, ಕುಡಗೋಲಿಗೆ, ಕಬ್ಬು ಕಡಿಯುವ ಕೊಯ್ತಾಕ್ಕೆ ಬೇಕಾದ ಡೈನಲ್ಲಿ ಆಕಾರವೇ ಇರುವುದಿಲ್ಲ. ಮೇಲೊಂದು, ಕೆಳಗೊಂದು ಉಕ್ಕಿನ ದಿಮ್ಮಿ. ನಡುವೆ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ತಿರುಗಿಸುವ ಕೈಯೇ ಅಚ್ಚು. ಇಂಡಿ ತಾಲೂಕಿನ ನಮ್ಮ ಕುಲುಮೆಯಲ್ಲಿ ಅಪ್ಪ ಅಡಿಗಲ್ಲಿನ ಮೇಲೆ ಮಾಡುತ್ತಿದ್ದುದೂ ಇದೇ ಕೆಲಸ. ಚಮ್ಮಟಿಗೆ ಎತ್ತುವವನ ಜಾಗಕ್ಕೆ ಈಗ ಮೋಟರ್ ಬಂದಿದೆ.

ಡೈ ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು, ಉಕ್ಕು ಯಾವ ಕಡೆ ಹರಿಯಬೇಕು ಎಂದು. ಬೆನ್ನು ಉಬ್ಬಿದ ಡ್ರಾಯಿಂಗ್ ಡೈ ಕೆಳಗೆ ಪಟ್ಟಿಯನ್ನು ಅಡ್ಡ ಇಟ್ಟರೆ ಅದು ಉದ್ದಕ್ಕೆ ಓಡುತ್ತದೆ, ಅಗಲಕ್ಕೆ ಹೆಚ್ಚು ಹಿಗ್ಗುವುದಿಲ್ಲ. ಇಎನ್ 31 ಉಕ್ಕಿನ ದುಂಡು ಸರಳನ್ನು ಬೇಗ ಎಳೆಯಲು ಇದೇ ಒಳ್ಳೆಯದು. ಆದರೆ ಪ್ರತಿ ಪೆಟ್ಟೂ ಒಂದು ಗುಳಿ ಬಿಟ್ಟು ಹೋಗುತ್ತದೆ. ಎರಡೂ ಮಗ್ಗುಲಿಗೆ ಒಂದೊಂದು ಮಿಲಿಮೀಟರ್ ಗುಳಿ ಬಿದ್ದರೆ 4 ಮಿಮೀ ಚೂರಿಗೆ 6 ಮಿಮೀ ದಪ್ಪ ಉಳಿಸಿಕೊಂಡು, ಮಿಕ್ಕದ್ದನ್ನು ಬೆಲ್ಟಿನ ಮೇಲೆ ಉಜ್ಜಿ ಕಳೆಯಬೇಕು.

ಹಾಗಾಗಿ ಒಂದೇ ಜೋಡಿಗೆ ದುಡ್ಡಿದ್ದರೆ ಚಪ್ಪಟೆ ಡೈ ಮಾಡಿಸಿ ಅನ್ನುತ್ತೇನೆ. ಚಪ್ಪಟೆ ಡೈ ಉಕ್ಕನ್ನು ಎಳೆಯುವುದಿಲ್ಲ ಎನ್ನುವುದು ಸುಳ್ಳು. 40 ಮಿಮೀ ಅಗಲದ ಲಾರಿ ಸ್ಪ್ರಿಂಗ್ ಪಾಟಾವನ್ನು ಡೈ ಅಂಚಿನಿಂದ 15 ಮಿಮೀ ಮಾತ್ರ ಒಳಗಿಟ್ಟು ಹೊಡೆಯಿರಿ, ಉಕ್ಕು ಹತ್ತಿರದ ದಾರಿ ಹಿಡಿದು ಉದ್ದಕ್ಕೆ ಹರಿಯುತ್ತದೆ. 80 ಮಿಮೀ ಒಳಗೆ ತಳ್ಳಿ ಹೊಡೆದರೆ ಅಗಲಕ್ಕೆ ಹಿಗ್ಗುತ್ತದೆ. ಕೊನೆಗೆ ಹಗುರ ಪೆಟ್ಟು ಕೊಟ್ಟರೆ ಮೈ ನುಣುಪಾಗುತ್ತದೆ.

ಅಂಚು ಮಾತ್ರ ಚೂಪಾಗಿರಕೂಡದು. ಮಿಲ್ಲಿಂಗ್‌ನಿಂದ ಬಂದ ಹಾಗೇ ಕೂರಿಸಿದರೆ ಅದು ಪಟ್ಟಿಯಲ್ಲಿ ಮೆಟ್ಟಿಲು ಕಡಿಯುತ್ತದೆ, ಮುಂದಿನ ಪೆಟ್ಟು ಆ ಮೆಟ್ಟಿಲನ್ನು ಮಡಚಿ ಒಳಗೆ ಹೂಳುತ್ತದೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ. ಚೂರಿಯನ್ನು ಉಜ್ಜುವಾಗ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಉಜ್ಜಿದಷ್ಟೂ ಅದು ಆಳಕ್ಕೇ ಹೋಗುತ್ತದೆ. ಆ ಚೂರಿಯನ್ನು ಗಿರಾಕಿಗೆ ಕೊಡುವಂತಿಲ್ಲ. ನಾನು ನಾಲ್ಕೂ ಅಂಚಿಗೆ 6 ಮಿಮೀ ರೇಡಿಯಸ್ ಕೇಳುತ್ತೇನೆ, ಆಮೇಲೆ ಕೈಯಲ್ಲಿ ಗ್ರೈಂಡರ್ ಹಿಡಿದು ಮೂಲೆಗಳನ್ನು ಇನ್ನೂ ಸವರುತ್ತೇನೆ.

ಅಕ್ಕನ ಮಗ ಹೊಸದಾಗಿ ಹ್ಯಾಮರ್ ಕೊಂಡಿದ್ದಾನೆ. ‘ಮಾಮಾ, ಅರ್ಧ ಚಪ್ಪಟಿ, ಅರ್ಧ ಡ್ರಾಯಿಂಗ್ ಇರೂ ಕಾಂಬಿನೇಶನ್ ಡೈ ಹಾಕಿಸಿದ್ರ ರೊಕ್ಕ ಉಳಿತಾವಲ್ರಿ?’ ಅಂದ. ‘ಉಳಿತಾವಪಾ, ಆದ್ರ ಪೆಟ್ಟೆಲ್ಲ ನಡು ಬಿಟ್ಟು ಒಂದ ಮಗ್ಗಲಿಗೆ ಬೀಳ್ತದ. ಗೈಡ್ ಸವದು ಹ್ಯಾಮರ್ ಜೋಲಿ ಹೊಡಿಯಾಕ ಹತ್ತತದ’ ಅಂದೆ. ದಪ್ಪ ಮಾಲು ಹೊಡೆಯುವವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ.

ಡೈ ಉಕ್ಕಿಗೆ ಇಎನ್ 24 ಸಾಕು, ಹದ ಹಾಕಿ ಗಡಸುತನವನ್ನು 40ರಿಂದ 45 ಎಚ್‌ಆರ್‌ಸಿಗೆ ತಂದರೆ. ಫೋರ್ಜಿಂಗ್ ಶಾಪುಗಳಿಂದ ಗುಜರಿಗೆ ಬಂದ ಹಳೆಯ ಡಿಬಿ 6 ದಿಮ್ಮಿ ಸಿಕ್ಕರೆ ಇನ್ನೂ ಒಳ್ಳೆಯದು. ಕುದಳವಾಡಿಯ ಭಂಗಾರ ಗೋದಾಮುಗಳನ್ನು 2025ರ ಫೆಬ್ರವರಿಯಲ್ಲಿ ಕೆಡವುವ ಮುಂಚೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಡಿಬಿ 6 ದಿಮ್ಮಿ ಮೊದಲೇ ಹದ ಹಾಕಿದ್ದು. ಹಾಗಾಗಿ ಅದಕ್ಕೆ ಹ್ಯಾಮರಿಗೆ ಕೂರಿಸುವ ಡವ್‌ಟೇಲ್ ಕಡಿಯಲು ಕಾರ್ಬೈಡ್ ಟೂಲ್ ಬೇಕೇ ಬೇಕು.

ಇಲ್ಲಿ ನಮಗೆ ಗುರುವಾರ ಸೂಟಿ. ಒಂದು ದಿನ ಹ್ಯಾಮರ್ ನಿಂತಿರುವುದರಿಂದ ಡಿಸೆಂಬರಿನ ಶುಕ್ರವಾರ ಬೆಳಿಗ್ಗೆ ಡೈ ಹಿಮದಂತೆ ಕೊರೆಯುತ್ತಿರುತ್ತದೆ. ತಣ್ಣನೆಯ ಡೈ ಪೆಟ್ಟಿಗೆ ಸೀಳಬಹುದು. ತೆಳು ಅಲಗಿನ ಬಿಸಿಯನ್ನೂ ಎರಡೇ ಪೆಟ್ಟಿನಲ್ಲಿ ಹೀರಿಬಿಡುತ್ತದೆ. ಮಂದ ಕೆಂಪಿಗಿಂತ ಕೆಳಗಿಳಿದ ಪಾಟಾ ಉಕ್ಕನ್ನು ಹೊಡೆದರೆ ಬಿರುಕು ಬಿಡಬಹುದು. ಅದಕ್ಕೇ ಕಾದ ತುಂಡೊಂದನ್ನು ಎರಡು ಡೈಗಳ ನಡುವೆ ಇಟ್ಟು, ಅವು ಕೈ ಇಡಲಾಗದಷ್ಟು ಬಿಸಿಯಾದ ಮೇಲೆಯೇ ಕೆಲಸ ಶುರು ಮಾಡುತ್ತೇವೆ. ಮೊದಲ ಹತ್ತಾರು ಪೆಟ್ಟಿಗೆ ಡೈ ಹಿಡಿದ ಬೆಣೆ ಸಡಿಲಾಗುವುದುಂಟು, ಆಗ ಹ್ಯಾಮರ್ ನಿಲ್ಲಿಸಿ ಅದನ್ನು ಮತ್ತೆ ಬಡಿದು ಕೂರಿಸಬೇಕು.