ವ್ರತದ ಬೆಲೆ ಫಲದಲ್ಲಿಯೋ, ಪರಿಣಾಮದಲ್ಲಿಯೋ?

ಅಷ್ಟಮಿಯ ಉಪವಾಸ ಮುಗಿಸಿ ಪಾರಣೆಗೆ ಕುಳಿತ ಅಜ್ಜಿಯನ್ನು ಮೊಮ್ಮಕ್ಕಳು ‘ಇದರಿಂದ ನಿಮಗೇನು ಸಿಕ್ಕಿತು?’ ಎಂದು ಕೇಳುವುದುಂಟು. ಈ ಪ್ರಶ್ನೆ ಸಣ್ಣದಲ್ಲ. ಕ್ರಿಯೆಯನ್ನು ಅದರ ಫಲದಿಂದಲೇ ಅಳೆಯಬೇಕೆಂದು ಇಂಗ್ಲೆಂಡಿನ ಬೆಂಥಮ್ ಮತ್ತು ಮಿಲ್ ಪ್ರತಿಪಾದಿಸಿದರು. ಕರ್ತವ್ಯಬುದ್ಧಿಯಿಂದ ಮಾಡಿದ ಕ್ರಿಯೆಗೇ ನೈತಿಕ ಮೌಲ್ಯವುಂಟೆಂದು ಜರ್ಮನಿಯ ಕಾಂಟ್ 1785ರಲ್ಲಿ ಬರೆದನು. ಈ ವಿಷಯದಲ್ಲಿ ಜಿನಾಗಮದ ನಿಲುವೇನು?

ಲೋಕರೂಢಿಯಲ್ಲಿ ‘ಪರಿಣಾಮ’ವೆಂದರೆ ಫಲ, ಶಾಸ್ತ್ರದಲ್ಲಿ ಅದೇ ಪದಕ್ಕೆ ಆತ್ಮನ ಭಾವವೆಂದು ಅರ್ಥ. ಪುಣ್ಯಪಾಪಗಳ ಬಂಧಕ್ಕೆ ಮುಖ್ಯ ಕಾರಣ ಈ ಎರಡನೆಯ ಪರಿಣಾಮವೇ.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ನೆನೆಯೋಣ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಹಿಟ್ಟಿನ ಹುಂಜವೊಂದನ್ನು ಬಲಿಕೊಟ್ಟನು. ಫಲವನ್ನಷ್ಟೇ ನೋಡಿದರೆ ಅಲ್ಲಿ ಸತ್ತ ಜೀವಿ ಒಂದೂ ಇಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ್ದರಿಂದ ತಾಯಿಮಕ್ಕಳಿಬ್ಬರೂ ತಿರ್ಯಗ್ಗತಿಯಲ್ಲಿ ಹಲವು ಜನ್ಮ ತೊಳಲಿದರು.

ಹಾಗಾದರೆ ಫಲದ ಚಿಂತೆಯೇ ಬೇಡವೇ? ಬೇಕು. ಅಡಗಿರುವ ಗೆಳೆಯನೆಲ್ಲಿ ಎಂದು ಕೊಲೆಗಡುಕನೇ ಬಂದು ಕೇಳಿದರೂ ಸುಳ್ಳಾಡಬಾರದೆಂದು ಕಾಂಟನು 1797ರಲ್ಲಿ ವಾದಿಸಿದನು. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವಾದರೋ, ಪರರಿಗೆ ವಿಪತ್ತು ತರುವ ಸತ್ಯವನ್ನೂ ಗೃಹಸ್ಥನು ನುಡಿಯಲಾಗದೆಂದು ಸತ್ಯಾಣುವ್ರತದಲ್ಲಿ ವಿಧಿಸುತ್ತದೆ. ನೀರು ಸೋಸುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು ಇವೂ ಜೀವರಕ್ಷಣೆಯನ್ನು ಎಣಿಸಿದ ನಿಯಮಗಳೇ. ಹೀಗೆ ಎಚ್ಚರದಿಂದ ನಡೆಯುವವನಿಂದ ಅರಿಯದೆ ಜೀವಹಾನಿಯಾದರೂ ಹಿಂಸಾದೋಷವಿಲ್ಲವೆಂದೂ, ಪ್ರಮಾದಿಗೆ ಜೀವಿ ಸಾಯದಿದ್ದರೂ ದೋಷವುಂಟೆಂದೂ ಅಮೃತಚಂದ್ರಾಚಾರ್ಯರು ತಿಳಿಸಿದ್ದಾರೆ.

ಉಪವಾಸಕ್ಕೂ ಇದೇ ಅಳತೆ. ಮಗನಿಗೆ ಉದ್ಯೋಗ, ವ್ಯಾಪಾರದಲ್ಲಿ ಲಾಭ ಎಂದು ಬಯಸಿ ಅನ್ನ ಬಿಟ್ಟರೆ ಹೊಟ್ಟೆ ಬರಿದಾದೀತು, ಮನಸ್ಸಿನ ಮುಳ್ಳು ಉಳಿದೀತು. ಫಲಾಪೇಕ್ಷೆಯ ಈ ಮುಳ್ಳಿಗೆ ನಿದಾನಶಲ್ಯವೆಂದು ಹೆಸರು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಶಲ್ಯಗಳು ಕಳೆದಾಗಲೇ ‘ವ್ರತಿ’ ಎಂಬ ಹೆಸರು ಸಲ್ಲುವುದು.

ಕಾರ್ಕಳದಲ್ಲಿ ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದ ಬಾಹುಬಲಿಯನ್ನು ದರ್ಶಿಸುವಾಗ ಇದನ್ನು ಸ್ಮರಿಸಬೇಕು. ವರ್ಷವಿಡೀ ನಿರಾಹಾರನಾಗಿ ಪ್ರತಿಮಾಯೋಗದಲ್ಲಿ ನಿಂತ ಆ ಮಹಾಮುನಿಗೂ, ಅಣ್ಣ ಭರತನ ಕುರಿತಾದ ಸೂಕ್ಷ್ಮ ಕ್ಲೇಶವು ಅಳಿಯುವವರೆಗೆ ಕೇವಲಜ್ಞಾನ ಉದಯಿಸಲಿಲ್ಲ.

ಮೊಮ್ಮಕ್ಕಳ ಪ್ರಶ್ನೆಗೆ ಅಜ್ಜಿ ಹೀಗೆ ಉತ್ತರಿಸಬಹುದು: ‘ಸಿಕ್ಕಿದ್ದನ್ನು ನಾನು ಎಣಿಸಲಿಲ್ಲ ಮಗು, ನಿನ್ನೆಗಿಂತ ಇಂದು ಮನಸ್ಸು ತಿಳಿಯಾಗಿದೆಯೇ ಎಂದಷ್ಟೇ ನೋಡಿಕೊಂಡೆ.’ ನಾವೂ ಪ್ರತಿ ಪಾರಣೆಗೆ ಮುನ್ನ ಹಾಗೆಯೇ ನೋಡಿಕೊಳ್ಳುವುದು ಯೋಗ್ಯ.